ಎರಡೂ ಹೈಪೋ ಕಾರ್ನ್ ಸ್ನೇಕ್, ಮರಿ ಎಲ್ಲಾ ನಾರ್ಮಲ್: ಡಬ್ಬಿ ಮ್ಯಾಲೆ ಏನಂತ ಬರೀಲಿ?

ಉಣಕಲ್_ಹುಬ್ಬಳ್ಳಿ:
ನಮಸ್ಕಾರ್ರೀ ಎಲ್ಲಾರಿಗೂ. ನನ್ ಹತ್ರ ಒಂದ್ ಜೋಡಿ ಕಾರ್ನ್ ಸ್ನೇಕ್ (ಅಮೆರಿಕಾ ಕಡಿ ವಿಷ ಇಲ್ಲದ ಸಾಕೋ ಹಾವು) ಅದಾವ, ಗಂಡು ಒಬ್ಬರ ಕಡಿಂದ, ಹೆಣ್ಣು ಇನ್ನೊಬ್ಬರ ಕಡಿಂದ ತಂದಿದ್ದು, ಎರಡರ ಡಬ್ಬಿ ಮ್ಯಾಲೂ ಬರೇ ‘ಹೈಪೋ’ ಅಂತ ಬರದಿತ್ತು. ನೋಡಾಕೂ ಎರಡೂ ತಿಳಿ ಬಣ್ಣ, ಕರೀ ಗೆರಿ ಇರಬೇಕಾದಲ್ಲಿ ಕಂದು ಗೆರಿ. ಈ ಸಲ 11 ತತ್ತಿ ಇಟ್ಟಿತ್ತು, ಎರಡು ತಿಂಗಳಿಗೆ 8 ಮರಿ ಹೊರಗ ಬಂದ್ವು, ನಾ ಅಂತೂ ದಿನಾ ರಾತ್ರಿ ಟಾರ್ಚ್ ಹಿಡದು ನೋಡ್ಕೋತ ಕುಂತಿದ್ದೆ, ಎಂಟಕ್ಕ ಎಂಟೂ ನಾರ್ಮಲ್ ರೀ, ಕರೀ ಗೆರಿ ಕಾಡಿಗಿ ತೀಡಿದಂಗ! ಭಾಳ ಬ್ಯಾಸರ ಆತು. ಗೆಳ್ಯಾಗ ಎರಡು ಕೊಡ್ತೀನಿ ಅಂದೀನಿ, ತಪ್ಪು ಬರದು ಕೊಡಾಕ ಮನಸ್ಸಿಲ್ಲ. ಹಿಂಗ್ಯಾಕ ಆತು, ಏನಂತ ಬರೀಲಿ?

ಬೆಟಗೇರಿಯಾಂವ:
ಮೊದಲ ಇದನ್ನ ಹೇಳ್ರಿ, ಹೆಣ್ಣನ್ನ ಮರಿ ಇದ್ದಾಗ ತಂದ್ರೋ ದೊಡ್ಡದಾದ ಮ್ಯಾಲೆ ತಂದ್ರೋ? ದೊಡ್ಡದು ತಂದಿದ್ರ ಮೊದಲಿನ ಮನ್ಯಾಗ ಕೂಡಿದ ಗಂಡಿನ ವೀರ್ಯ ಹೊಟ್ಯಾಗ ತಿಂಗಳಗಟ್ಟಲೆ ಉಳದಿರತೈತಿ, ಮರಿ ನಿಮ್ಮ ಗಂಡಿನವ ಅಲ್ದನೂ ಇರಬಹುದು.

ಉಣಕಲ್_ಹುಬ್ಬಳ್ಳಿ:
ಇಲ್ಲಣ್ಣಾ, ಪೆನ್ಸಿಲ್ ಗಾತ್ರ ಇದ್ದಾಗ ತಂದಿದ್ದು, 3 ವರ್ಷ ಆತು, ಬ್ಯಾರೆ ಗಂಡಿನ ಮುಖ ಸುದ್ದಾ ನೋಡಿಲ್ಲ.

ಬೆಟಗೇರಿಯಾಂವ:
ಹಂಗಾರ ನಿಮ್ಮ ಎರಡೂ ಹೈಪೋ ಒಂದ ಅಲ್ರಿ. ಹೈಪೋ ಅಂದ್ರ ಮೆಲನಿನ್, ಅಂದ್ರ ಕರೀ ಬಣ್ಣ, ಕಮ್ಮಿ ಆಗೇತಿ ಅಂತ ಅಷ್ಟ, ಯಾಕ ಕಮ್ಮಿ ಆತು ಅನ್ನೋದು ಆ ಹೆಸರಿನಾಗ ಇಲ್ಲ. ಕಾರ್ನ್‌ನಾಗ ಹೈಪೋ, ಸನ್‌ಕಿಸ್ಡ್, ಲಾವಾ ಎಲ್ಲಾ ಬ್ಯಾರೆ ಬ್ಯಾರೆ ಜೀನ್, ಎಲ್ಲಾವೂ ರಿಸೆಸಿವ್, ಅಂದ್ರ ಅದ ಜೀನ್ ಅಪ್ಪ ಅವ್ವ ಇಬ್ಬರ ಕಡಿಂದನೂ ಬಂದ್ರ ಮಾತ್ರ ಮೈಮ್ಯಾಲೆ ಕಾಣತೈತಿ. ಎರಡು ಟ್ಯೂಬ್‌ಲೈಟ್ ಕೆಟ್ಟಾವ ಅಂತ ತಿಳ್ಕೋರಿ, ಒಂದರಾಗ ಚೋಕ್ ಹೋಗೇತಿ, ಇನ್ನೊಂದರಾಗ ಸ್ಟಾರ್ಟರ್ ಹೋಗೇತಿ, ಎರಡೂ ಕತ್ತಲಿನ, ಆದ್ರ ಇದರ ಚಲೋ ಚೋಕ್ ಅದರ ಚಲೋ ಸ್ಟಾರ್ಟರ್ ಕೂಡಿಸಿದ್ರ ಪಟ್ ಅಂತ ಹತ್ತತೈತಿ. ನಿಮ್ಮ ಮರ್ಯಾಗ ಆಗಿದ್ದೂ ಅದ.

ಧಾರವಾಡ_ಸಪ್ತಾಪುರ:
ಬ್ಯಾಸರ ಮಾಡ್ಕೋಬ್ಯಾಡ್ರಿ, ಆ ಎಂಟೂ ಮರಿ ಅಪ್ಪನ ಜೀನ್ ಒಂದು, ಅವ್ವನ ಜೀನ್ ಒಂದು ಖಂಡಿತ ಹೊತ್ತಾವ. ಮುಂದ ಅವನ್ನ ತಮ್ಮ ತಮ್ಮೊಳಗ ಕೂಡಿಸಿದ್ರ ಲೆಕ್ಕಕ್ಕ 16ರಾಗ 9 ನಾರ್ಮಲ್, 7 ತಿಳಿ ಬರ್ತಾವ. ಆದ್ರ ‘ಹೆಟ್ ಹೈಪೋ’ (ಹೈಪೋ ಜೀನ್ ಒಂದ ಪ್ರತಿ ಒಳಗ ಹೊತ್ತದ್ದು, ಹೊರಗ ಕಾಣದ್ದು) ಅಂತ ಮಾತ್ರ ಬರೀಬ್ಯಾಡ್ರಿ, ಯಾರದು ಯಾವ ಜೀನ್ ಅಂತ ತಿಳಿಯೋತನಕ ಅದು ಸುಳ್ಳ. ಇನ್ನೊಂದು, ತಿಳಿ ಇದ್ದದ್ದಕ್ಕೆಲ್ಲಾ ‘ಅಲ್ಬಿನೋ’ ಅನ್ನೋ ರೂಢಿ ಬಿಡಬೇಕ್ರಿ, ನನಗ ಇದರ ಮ್ಯಾಲೆ ಭಾಳ ಸಿಟ್ಟು. ಕರೀ ಬಣ್ಣ ಪೂರಾ ಇಲ್ಲದ್ದು ಅಮೆಲ್, ಕಣ್ಣು ಕೆಂಪಿರತಾವ, ಮೈಮ್ಯಾಲೆ ಕೇಸರಿ ಹಂಗ ಉಳಿತೈತಿ. ಕೆಂಪು ಇಲ್ಲದ್ದು ಅನೆರಿ, ಬೂದಿ ಬಣ್ಣ. ಎರಡೂ ಕೂಡಿದ್ರ ಸ್ನೋ, ಬೆಳ್ಳಗ, ನಸುಗೆಂಪು ಕಣ್ಣು.

ಹಾವೇರಿ_ಕಡಿಯಾಂವ:
ನಮ್ಮ ಬ್ಯಾಡಗಿ ಪ್ಯಾಟ್ಯಾಗ ‘ಡಬ್ಬಿ’ ಅನ್ನೋ ತಳಿನೂ ಬ್ಯಾಡಗಿ ಮೆಣಸಿನಕಾಯಿನ, ‘ಕಡ್ಡಿ’ ಅನ್ನೋ ತಳಿನೂ ಬ್ಯಾಡಗಿನ, ಆದ್ರ ಚೀಲದ ಮ್ಯಾಲೆ ಬಿಡಿಸಿ ಬರೀತಾರಲ್ರಿ, ಹಂಗ. ನಾ ಹಾವು ಹಿಡಿಯಾಕ ಹೋಗ್ತೀನಿ, ಹೋದ ವರ್ಷ ಒಂದು ಕಣದಾಗ ಬಿಳೀ ನಾಗರ ಬಂದೈತಿ, ಅಲ್ಬಿನೋ ಐತಿ ಅಂತ ಫೋನ್ ಬಂತು. ಹೋಗಿ ನೋಡಿದ್ರ ಕಣ್ಣು ಕರ್ರಗ ಮಿಣ ಮಿಣ ಅಂತಿದ್ವು, ಹೆಡಿ ಮ್ಯಾಲಿನ ಗುರ್ತೂ ಮಸಕಾಗಿ ಕಾಣ್ತಿತ್ತು. ಅರಣ್ಯ ಇಲಾಖೆಗೆ ಕೊಡೋ ಹಾಳ್ಯಾಗ ‘ತಿಳಿ ಬಣ್ಣ, ಕಪ್ಪು ಕಣ್ಣು’ ಅಂತ ಅಷ್ಟ ಬರದೆ, ಬಿಟ್ಟು ಬಂದೆ. ಕಂಡದ್ದನ್ನ ಬರೀರಿ, ಜೀನಿನ ಹೆಸರು ಆಮ್ಯಾಲೆ. ಪೊರೆ ಬಿಡೋ ಮುಂದ ಕಣ್ಣು ನೀಲಿ ಮಸಕಾಗಿ ಮೈ ಬಣ್ಣನೂ ಕೆಟ್ಟಿರತೈತಿ, ಆಗ ನೋಡಿ ಏನೂ ಬರೀಬ್ಯಾಡ್ರಿ. ಮತ್ತ ಓದೋ ಹುಡುಗೂರಿಗೆ ಹೇಳ್ತೀನಿ, ನಾಗರ, ಕೇರಿ ಹಾವು ಎಷ್ಟ ಚಂದ ಬಣ್ಣ ಇದ್ರೂ ಮನ್ಯಾಗ ಸಾಕೂದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ.

ಧಾರವಾಡ_ಸಪ್ತಾಪುರ:
ಕಂಡದ್ದಷ್ಟ ಬರದ್ರ ಸಾಲೂದಿಲ್ರಿ, ಅಪ್ಪ ಅವ್ವ ಯಾವವು ಅನ್ನೋದೂ ಬೇಕು, ಇಲ್ಲಂದ್ರ ಮುಂದಿನಾಂವ ಇವರಂಗ ಬ್ಯಾಸರ ಮಾಡ್ಕೋತಾನ. ಗಂಡು ಹೆಣ್ಣು ಎರಡನ್ನೂ ಹೊಟ್ಟಿ ಮ್ಯಾಲೆ ಮಾಡಿ ಒಮ್ಮೆ ನೋಡ್ರಿ.

ಉಣಕಲ್_ಹುಬ್ಬಳ್ಳಿ:
ಈಗ ನೋಡಿದ್ನಿರೀ. ಗಂಡಿನ ಹೊಟ್ಟಿ ಚೌಕಳಿ ಚಾದ ಬಣ್ಣ. ಹೆಣ್ಣಿಂದು ಇನ್ನಾ ತಿಳಿ, ಬೆನ್ನ ಮ್ಯಾಲಿನ ಕಲೆನೂ ದುಂಡಗ ಅದಾವ, ಇಷ್ಟು ದಿನಾ ಕಣ್ಣಿಗೇ ಬಿದ್ದಿರಲಿಲ್ಲ. ಡಬ್ಬಿ ಮ್ಯಾಲೆ ಹಿಂಗ ಬರದೀನಿ: ‘ನಾರ್ಮಲ್. ಅಪ್ಪ, ಅವ್ವ ಇಬ್ಬರೂ ತಿಳಿ ಬಣ್ಣ, ಜೀನ್ ಬ್ಯಾರೆ ಬ್ಯಾರೆ, ಹೆಸರು ಖಾತ್ರಿ ಇಲ್ಲ’. ಗೆಳ್ಯಾಗ ಈ ಪೂರಾ ಮಾತುಕತಿನೂ ಕಳಸ್ತೀನಿ.