ಕರ್ನಲ್ ಮುಟ್ಟೇ ಇಲ್ಲ, ಆದರೂ ಸೋರ್ಸ್ ಕೊಡಬೇಕಾ?

ಚಿಪ್‌ಮಿತ್ರ: ನಮ್ಮ ರೂಟರ್ ಬಿಡುಗಡೆಗೆ ಸಿದ್ಧವಾಗಿದೆ. ಒಳಗೆ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು), ಬ್ಯುಸಿಬಾಕ್ಸ್ (ಸಣ್ಣ ಕಮಾಂಡ್‌ಗಳ ಕಟ್ಟು), ಮೇಲೆ ನಮ್ಮದೇ ಅಪ್ಲಿಕೇಶನ್. ಕರ್ನಲ್‌ನಲ್ಲಿ ಒಂದು ಸಾಲೂ ಬದಲಿಸಿಲ್ಲ. ಮ್ಯಾನುಯಲ್‌ನಲ್ಲಿ ಮೂಲ ಕರ್ನಲ್‌ನ ಲಿಂಕ್ ಹಾಕಿದರೆ ಸಾಕಲ್ವಾ?

ಬೂಟ್‌ಲೋಡರ್: ಸಾಲದು. ಬದಲಿಸಿದ್ದೀರಾ ಇಲ್ಲವಾ ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಬೈನರಿ, ಅಂದರೆ ಕಂಪೈಲ್ ಆದ ಪ್ರೋಗ್ರಾಂ, ಹಂಚಿದರೆ ಹೊಣೆ ಶುರು. ಕರ್ನಲ್‌ನ ಮುಕ್ತ ಲೈಸೆನ್ಸ್ ಆದ ಜಿಪಿಎಲ್ ಆವೃತ್ತಿ 2ರ ಪ್ರಕಾರ ಸಾಧನದ ಜೊತೆಗೇ ಸೋರ್ಸ್ ಕೋಡ್ ಕೊಡಬೇಕು. ಇಲ್ಲವೇ ಯಾರು ಕೇಳಿದರೂ ಕೊಡುತ್ತೇವೆ ಅಂತ, ಕನಿಷ್ಠ 3 ವರ್ಷ ನಡೆಯುವ ಲಿಖಿತ ಭರವಸೆ ಇಡಬೇಕು. ಕಂಪೈಲ್ ಮಾಡುವ, ಇನ್‌ಸ್ಟಾಲ್ ಮಾಡುವ ಸ್ಕ್ರಿಪ್ಟ್‌ಗಳೂ ಅದರಲ್ಲಿ ಇರಬೇಕು. ಇನ್ನೊಂದು ಮಾತು: ನೀವು ಮುಟ್ಟದಿದ್ದರೂ ಚಿಪ್ ಕಂಪನಿ ಮುಟ್ಟಿರುತ್ತದೆ. ಅವರ ಎಸ್‌ಡಿಕೆ (ಡೆವಲಪರ್ ಕಿಟ್) ಕರ್ನಲ್‌ಗೂ ಮೂಲ ಕರ್ನಲ್‌ಗೂ ಒಮ್ಮೆ ಡಿಫ್ ಹಾಕಿ, ವ್ಯತ್ಯಾಸ ನೋಡಿ.

ಚಿಪ್‌ಮಿತ್ರ: ಎಸ್‌ಡಿಕೆಯಲ್ಲಿ ವೈಫೈ ಡ್ರೈವರ್ ಕಂಪೈಲ್ ಆದ ಮಾಡ್ಯೂಲ್ ಆಗಿ ಮಾತ್ರ ಬಂದಿದೆ. ಸೋರ್ಸ್ ಕೇಳಿದರೆ ಉತ್ತರವೇ ಇಲ್ಲ. ತಪ್ಪು ಅವರದ್ದಲ್ವಾ?

ತೆರೆದಕೋಡ್: ಅವರದ್ದೂ ಹೌದು. ಆದರೆ ಗ್ರಾಹಕರ ಕೈಗೆ ಬೈನರಿ ಕೊಡುವವರು ನೀವು. 2003ರಲ್ಲಿ ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ರೂಟರ್ ವಿಷಯದಲ್ಲಿ ಪ್ರಶ್ನೆ ಬಂದದ್ದು ಬ್ರಾಂಡಿನವರಿಗೇ. ಆಗ ಹೊರಬಂದ ಸೋರ್ಸ್‌ನಿಂದ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ರೂಟರ್ ಸಾಫ್ಟ್‌ವೇರ್ ಹುಟ್ಟಿತು. ಮುಚ್ಚಿದ ಮಾಡ್ಯೂಲ್‌ಗೆ ಜಿಪಿಎಲ್ ತಾಗುತ್ತದಾ ಅನ್ನುವುದರಲ್ಲಿ ವಕೀಲರಲ್ಲೂ ಒಮ್ಮತ ಇಲ್ಲ. ಹಾಗಂತ ಆ ಅನುಮಾನವನ್ನೇ ನೆಚ್ಚಿಕೊಂಡು ಒಂದು ಪ್ರಾಡಕ್ಟ್ ಬಿಡುಗಡೆ ಮಾಡುವುದು ಸರಿ ಅನ್ನಿಸುವುದಿಲ್ಲ.

ಪ್ರಾಡಕ್ಟ್‌ಕಡೆಯಿಂದ: ಇದೆಲ್ಲ ಸಣ್ಣ ತಂಡದಿಂದ ಆಗುತ್ತದಾ? ನಾಳೆ ನಮ್ಮ ಅಪ್ಲಿಕೇಶನ್ ಕೋಡನ್ನೂ ಕೇಳುತ್ತಾರೆ. ಯಾರಾದರೂ ಫರ್ಮ್‌ವೇರ್ (ಸಾಧನದೊಳಗಿನ ಸಾಫ್ಟ್‌ವೇರ್) ತಿದ್ದಿ ರೇಡಿಯೋ ಪವರ್ ಜಾಸ್ತಿ ಮಾಡಿದರೆ? ನಮ್ಮ ಗುಪ್ತ ಕೀಯಿಂದ ಸೈನ್ ಮಾಡಿದ ಫರ್ಮ್‌ವೇರ್ ಇಮೇಜ್ ಮಾತ್ರ ಬೂಟ್ ಆಗಬೇಕು. ಕೀ ಅಂತೂ ಕೊಡುವುದಿಲ್ಲ.

ಬೂಟ್‌ಲೋಡರ್: ಅಪ್ಲಿಕೇಶನ್ ಬಗ್ಗೆ ಸುಮ್ನೆ ಹೆದರಬೇಡಿ. ಸಿಸ್ಟಮ್ ಕಾಲ್ (ಕರ್ನಲ್‌ನಿಂದ ಕೆಲಸ ಕೇಳುವ ಮಾಮೂಲಿ ದಾರಿ) ಬಳಸಿ ಓಡುವ ಪ್ರೋಗ್ರಾಂ ಕರ್ನಲ್‌ನ ಲೈಸೆನ್ಸ್‌ಗೆ ಒಳಪಡುವುದಿಲ್ಲ ಅಂತ ಕರ್ನಲ್‌ನವರೇ ಬರೆದಿಟ್ಟಿದ್ದಾರೆ. ನೋಡಬೇಕಾದದ್ದು ಎಲ್‌ಜಿಪಿಎಲ್ (ಜಿಪಿಎಲ್‌ನ ಸಡಿಲ ರೂಪ) ಲೈಬ್ರರಿಗಳನ್ನು. ಸ್ಟ್ಯಾಟಿಕ್ ಲಿಂಕ್ ಮಾಡಿದ್ದರೆ, ಅಂದರೆ ಲೈಬ್ರರಿಯನ್ನು ನಿಮ್ಮ ಪ್ರೋಗ್ರಾಂ ಒಳಗೇ ಸೇರಿಸಿದ್ದರೆ, ಬಳಕೆದಾರರು ಲೈಬ್ರರಿ ಬದಲಿಸಿ ಮತ್ತೆ ಲಿಂಕ್ ಮಾಡಲು ನಿಮ್ಮ ಆಬ್ಜೆಕ್ಟ್ ಫೈಲನ್ನಾದರೂ (ಲಿಂಕ್ ಆಗುವ ಮೊದಲಿನ ಕಂಪೈಲ್ ಆದ ಕೋಡ್) ಕೊಡಬೇಕು.

ತೆರೆದಕೋಡ್: ಕೀ ವಿಷಯಕ್ಕೆ ಬರುತ್ತೇನೆ. ಕರ್ನಲ್, ಬ್ಯುಸಿಬಾಕ್ಸ್ ಎರಡೂ ಜಿಪಿಎಲ್ ಆವೃತ್ತಿ 2ರಲ್ಲೇ ಇವೆ. 2007ರ ಜಿಪಿಎಲ್ 3 ಬೇರೆ. ಮನೆಬಳಕೆಯ ಸಾಧನವಾದರೆ, ತಿದ್ದಿದ ಕೋಡ್ ಅದರಲ್ಲಿ ಓಡಲು ಬೇಕಾದ ಮಾಹಿತಿಯನ್ನೂ ಅದು ಕೇಳುತ್ತದೆ. ಕೀ ಕೂಡ ಅದರಲ್ಲಿ ಸೇರಬಹುದು. ನಿಮ್ಮ ಇಮೇಜ್‌ನಲ್ಲಿ ಬ್ಯಾಷ್ 4 (ಕಮಾಂಡ್ ಶೆಲ್) ಅಥವಾ ಹೊಸ ಸಾಂಬಾ (ಫೈಲ್ ಹಂಚುವ ಪ್ರೋಗ್ರಾಂ) ಇದೆಯಾ? ಅವು ಆವೃತ್ತಿ 3. ಯಾರೂ ಗಮನಿಸದೆ ಒಳಗೆ ಬಂದಿರುತ್ತವೆ. ಆವೃತ್ತಿ 2ರ ಷರತ್ತು ಮುರಿದರೆ ಹಂಚುವ ಹಕ್ಕು ತಾನಾಗಿಯೇ ಹೋಗುತ್ತದೆ, ಇದನ್ನೂ ಮರೆಯಬೇಡಿ.

ಬಿಲ್ಡ್‌ಬಾಟ್: ಸಣ್ಣ ತಂಡಕ್ಕೂ ಖಂಡಿತ ಆಗುತ್ತದೆ. ಫರ್ಮ್‌ವೇರ್ ಕಟ್ಟುವ ಟೂಲ್‌ಗಳೇ ಇದನ್ನು ಮಾಡುತ್ತವೆ. ಬಿಲ್ಡ್‌ರೂಟ್‌ನಲ್ಲಿ ‘ಮೇಕ್ ಲೀಗಲ್-ಇನ್ಫೊ’ ಕಮಾಂಡ್ ಕೊಟ್ಟರೆ ಸೋರ್ಸ್, ಪ್ಯಾಚ್, ಲೈಸೆನ್ಸ್ ಪಠ್ಯ ಒಟ್ಟಾಗಿ ಸಿಗುತ್ತವೆ. ಯೋಕ್ಟೋದಲ್ಲಿ ಇದಕ್ಕೇ ಆರ್ಕೈವರ್ ಕ್ಲಾಸ್ ಇದೆ. ಪ್ರತಿ ರಿಲೀಸ್‌ಗೂ ಅದೇ ದಿನ ತೆಗೆದಿಡಿ. ಎರಡು ವರ್ಷ ಬಿಟ್ಟು ಯಾರೋ ಕೇಳಿದಾಗ ಆ ಬೈನರಿಗೆ ಸರಿಹೊಂದುವ ಸೋರ್ಸ್ ಹುಡುಕುವುದೇ ದೊಡ್ಡ ಕಷ್ಟ. ತಂಡದ ಹೊರಗಿನವರ ಕೈಗೆ ಆ ಸೋರ್ಸ್‌ನ ಟಾರ್‌ಬಾಲ್ (ಒಟ್ಟುಗೂಡಿಸಿದ ಫೈಲ್) ಕೊಟ್ಟು, ಖಾಲಿ ಮೆಷಿನ್‌ನಲ್ಲಿ ಬಿಲ್ಡ್ ಮಾಡಿಸಿ. ಆಗದಿದ್ದರೆ ಅದು ಪೂರ್ತಿ ಸೋರ್ಸ್ ಅಲ್ಲ.

ಪ್ರಾಡಕ್ಟ್‌ಕಡೆಯಿಂದ: ರಿಲೀಸ್ ಜೊತೆಗೇ ತೆಗೆದಿಡುವುದು ಒಪ್ಪಿದೆ. ಆವೃತ್ತಿ 3ರ ಪ್ಯಾಕೇಜ್ ಇದ್ದರೆ ತೆಗೆಸುತ್ತೇನೆ. ಕೀ ಮಾತ್ರ ನಮ್ಮಲ್ಲೇ ಇರಬೇಕು.

ಚಿಪ್‌ಮಿತ್ರ: ಡಿಫ್ ಹಾಕಿದೆ. ಚಿಪ್ ಕಂಪನಿಯ ಬದಲಾವಣೆಗಳು ನೂರಾರು ಫೈಲ್‌ಗಳಲ್ಲಿವೆ. ಡ್ರೈವರ್ ಸೋರ್ಸ್ ಬರುವ ತನಕ ಬಿಡುಗಡೆ ತಡೆಯಲು ಇವತ್ತೇ ಕೇಳುತ್ತೇನೆ. ಮುಂದಿನ ಚಿಪ್ ಒಪ್ಪಂದದಲ್ಲಿ ಸೋರ್ಸ್ ಷರತ್ತನ್ನು ಮೊದಲೇ ಬರೆಸುತ್ತೇವೆ.