ಪಿತ್ತಕೋಶ ತೆಗೆಸಿದ ಮೇಲೆ ಜಿಡ್ಡು ಅರಗುತ್ತಾ? ಅನುಭವ ಇದ್ದವರು ಹೇಳಿ

ಚಿಂಚವಡದ ಮಗಳು:
ಅಮ್ಮನಿಗೆ 58. ಸೋನೋಗ್ರಫಿಯಲ್ಲಿ ಪಿತ್ತಕೋಶದ ತುಂಬ ಕಲ್ಲು ಕಂಡಿದೆ. ಊಟ ಆದ ಮೇಲೆ ಬಲ ಪಕ್ಕೆಯಲ್ಲಿ ನೋವೆದ್ದು ಭುಜದವರೆಗೆ ಹೋಗುತ್ತದೆ. ಡಾಕ್ಟರು ತೆಗೆಸಿ ಅಂತಾರೆ. ಸಕ್ಕರೆ ಕಾಯಿಲೆಯೂ ಇದೆ. ತೆಗೆಸಿದವರು ಹೇಗಿದ್ದೀರಿ? ಖರ್ಚೆಷ್ಟು?

ಡೊಂಬಿವಲಿ ಅಕ್ಕ:
ಅರಗುತ್ತದೆ, ಮೊದಲಿನ ಹಾಗಲ್ಲ. ಪಿತ್ತರಸ ತಯಾರಾಗುವುದು ಲಿವರಿನಲ್ಲಿ, ಅದು ನಿಲ್ಲುವುದಿಲ್ಲ. ಕೂಡಿಟ್ಟು, ಗಟ್ಟಿ ಮಾಡಿ, ಜಿಡ್ಡು ಬಂದಾಗ ಒಮ್ಮೆಲೇ ಹಿಂಡುವ ಚೀಲ ಮಾತ್ರ ಹೋಗುತ್ತದೆ. ಆಮೇಲೆ ಅದು ಹಗಲು-ರಾತ್ರಿ ತೊಟ್ಟಿಕ್ಕುತ್ತಲೇ ಇರುತ್ತದೆ. ತುಪ್ಪ ಸುರಿದ ಹೋಳಿಗೆ ತಿಂದ ಮರುದಿನ ಬೆಳಿಗ್ಗೆ ಲೋಕಲ್ ರೈಲು ಹತ್ತುವ ಧೈರ್ಯ ನನಗಿರಲಿಲ್ಲ. ಪಿತ್ತದ ಉಪ್ಪು ದೊಡ್ಡ ಕರುಳಿಗೆ ಇಳಿದರೆ ನೀರು ಬಿಡಿಸಿ ಭೇದಿ ಮಾಡುತ್ತದೆ. ಆ ಉಪ್ಪನ್ನು ಹಿಡಿದಿಟ್ಟುಕೊಳ್ಳುವ ಕೊಲೆಸ್ಟೈರಮೀನ್ ಪುಡಿ ಕೊಟ್ಟರು, ನಿಂತಿತು. ಆದರೆ ಆ ಪುಡಿ ಥೈರಾಯ್ಡ್ ಮಾತ್ರೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಮಧ್ಯೆ ನಾಲ್ಕಾರು ಗಂಟೆ ಬಿಡಬೇಕು ಅಂತ ಯಾರೂ ಹೇಳಲಿಲ್ಲ. ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಸಾಲದಾದಾಗ ಏರುವ ಹಾರ್ಮೋನು) ಏರಿ ಕೂತಿತು.

ದುಡ್ಡಿನ ಕತೆ ಕೇಳಿ. ಬಿಲ್ಲು 1,38,400. ಪಾಲಿಸಿಯಲ್ಲಿ ರೂಮ್ ಬಾಡಿಗೆಗೆ 4,000 ಮಿತಿ, ಸಿಕ್ಕ ರೂಮು 6,500. ಹೆಚ್ಚಿನ 2,500 ಅಷ್ಟೇ ಅಲ್ಲ, ಸರ್ಜನ್ ಫೀಸು, ಆಪರೇಷನ್ ಥಿಯೇಟರ್ ಚಾರ್ಜು ಎಲ್ಲವನ್ನೂ ಅದೇ ಪ್ರಮಾಣದಲ್ಲಿ ಕತ್ತರಿಸಿದರು. ಕೈಗವಸು, ಹತ್ತಿಗೂ ಕೊಡಲಿಲ್ಲ. ಕೈಯಿಂದ ಹೋದದ್ದು 51,200. ಮೊದಲು ರೂಮ್ ಮಿತಿ ನೋಡಿ, ತಂಗಿ.

ವಾಸ್ಕೋದ ಅಣ್ಣ:
ಕತ್ತರಿ ಹಾಕಿಸಿಕೊಳ್ಳುವ ಮೊದಲು ಯೋಚಿಸಿ. ನಾನು ರಾತ್ರಿ ಆಲಿವ್ ಎಣ್ಣೆ, ನಿಂಬೆರಸ ಕುಡಿದೆ. ಬೆಳಿಗ್ಗೆ ಹಸಿರು ಕಲ್ಲುಗಳು ಬಿದ್ದವು, ಕಣ್ಣಾರೆ ನೋಡಿದ್ದೇನೆ. ಜರಡಿಯಲ್ಲಿ ತೊಳೆದು ಡಬ್ಬಿಯಲ್ಲಿಟ್ಟಿದ್ದೆ. ಆಮೇಲೆ 32,000 ಕೊಟ್ಟು ಕ್ಷಾರದ ನೀರಿನ ಮಷೀನು ಹಾಕಿಸಿದೆ. ಪಿತ್ತ ಕ್ಷಾರ ತಾನೇ? ನೀರೇ ಕ್ಷಾರ ಆದರೆ ಅರ್ಧ ಕೆಲಸ ಮುಗೀತು. ಈಗ ಬಂಗುಡೆ ಫ್ರೈ ಆರಾಮಾಗಿ ತಿಂತೀನಿ.

ಮಾಟುಂಗಾದ ರಾಯರು:
ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ಆ ಹಸಿರು ಉಂಡೆ ಸಾಬೂನು! ಎಣ್ಣೆ ಹೊಟ್ಟೆಯಲ್ಲಿ ಒಡೆದು, ನಿಂಬೆಯ ಪೊಟ್ಯಾಸಿಯಂ ಸೇರಿ ಗಟ್ಟಿಯಾದದ್ದು. 2005ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲೇ ಬಂದಿದೆ. ನಿಮ್ಮ ಕಲ್ಲು ಡಬ್ಬಿಯಲ್ಲಿ ಕರಗಲಿಲ್ವಾ?

ಇನ್ನು ನೀರು. ಹೊಟ್ಟೆಯ ಆಮ್ಲದ ಮುಂದೆ ಆ ನೀರು ಯಾವ ಲೆಕ್ಕ? ಆಮ್ಲ ಸಣ್ಣ ಕರುಳಿಗೆ ಇಳಿದಾಗ ಮೇದೋಜೀರಕ ಗ್ರಂಥಿ ತಾನೇ ಬೈಕಾರ್ಬನೇಟ್ ಸುರಿಯುತ್ತದೆ. ಆ ಕ್ಷಾರದಲ್ಲೇ ಜಿಡ್ಡು ಕತ್ತರಿಸುವ ಲೈಪೇಸ್ ಕೆಲಸ ಮಾಡುವುದು, ಆಮ್ಲದಲ್ಲಿ ಅದು ಹಾಳಾಗುತ್ತದೆ. ಪಿತ್ತದ ಪಾಲು ಬೇರೆ: ಜಿಡ್ಡನ್ನು ಸಣ್ಣ ಸಣ್ಣ ಹನಿ ಮಾಡಿಕೊಡುವುದು. ಎ, ಡಿ, ಇ, ಕೆ ವಿಟಮಿನ್ ಒಳಗೆ ಹೋಗಲೂ ಅದೇ ಬೇಕು. ನಮ್ಮ ತಂದೆ ಹೀಗೇ ಮನೆಮದ್ದು ಅಂತ ಕೂತರು. ಕಲ್ಲು ಜಾರಿ ಪಿತ್ತನಾಳದಲ್ಲಿ ಸಿಕ್ಕಿತು. ಕಣ್ಣು ಹಳದಿ, ಮಲ ಸುಣ್ಣದ ಬಣ್ಣ, ಮೈಯೆಲ್ಲ ತುರಿಕೆ. ಮೊದಲು ಎಂಡೋಸ್ಕೋಪಿಯಲ್ಲಿ ಕಲ್ಲು ತೆಗೆದು, ನಾಳ ತೆರೆದಿಡಲು ಸ್ಟೆಂಟು ಅನ್ನೋ ಕೊಳವೆ, ಆಮೇಲೆ ಆಪರೇಷನ್ನು, ಕೊನೆಗೆ ಸ್ಟೆಂಟು ತೆಗೆಯಲು ಮತ್ತೆ ಖರ್ಚು. ಮೂರೂ ಸೇರಿ 3,12,000. 1990ರಲ್ಲಿ ಡಾ. ಉದ್ವಾಡಿಯಾ ನಮ್ಮ ಮುಂಬೈ ಜೆ.ಜೆ. ಆಸ್ಪತ್ರೆಯಲ್ಲೇ ಸಣ್ಣ ತೂತಿನಿಂದ ದುರ್ಬೀನು ಇಳಿಸಿ (ಲ್ಯಾಪರೊಸ್ಕೋಪಿ) ಪಿತ್ತಕೋಶ ತೆಗೆದು ತೋರಿಸಿದ ಊರಲ್ಲಿ ಇದ್ದುಕೊಂಡು!

ವಾಸ್ಕೋದ ಅಣ್ಣ:
ನಿಮ್ಮ ತಂದೆಗಾದದ್ದಕ್ಕೆ ಬೇಜಾರಿದೆ. ಆದರೆ ನನಗೆ ನೋವು ಹೋಗಿದ್ದು ನಿಜ. ಸುಳ್ಳು ಹೇಳ್ತಿದ್ದೀನಾ?

ಮಾಟುಂಗಾದ ರಾಯರು:
ನೋವು ಬರುತ್ತೆ, ಹೋಗುತ್ತೆ. ಕಲ್ಲು ಅಲ್ಲೇ ಇರುತ್ತೆ. ಒಂದು ಸೋನೋಗ್ರಫಿ ಮಾಡಿಸಿ ರಿಪೋರ್ಟ್ ಹಾಕಿ, ಆಮೇಲೆ ಮಾತಾಡೋಣ.

ಕೋಥ್ರೂಡಿನಿಂದ:
ಡೊಂಬಿವಲಿ ಅಕ್ಕ, ಮುಂಬೈ ರೇಟು ಹೇಳಿ ಪುಣೆಯವರನ್ನು ಹೆದರಿಸಬೇಡಿ. ನನಗೆ ಟ್ರಸ್ಟ್ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ 64,000ಕ್ಕೆ ಮುಗಿಯಿತು. ತೆಗೆಸಿದ ಮೇಲೆ ಒಂದು ದಿನವೂ ಭೇದಿ ಆಗಲಿಲ್ಲ. ಮಿಸಳ್ ಮೇಲಿನ ಎಣ್ಣೆಯ ತರ್ರಿ ಸಮೇತ ತಿಂತೀನಿ.

ಡೊಂಬಿವಲಿ ಅಕ್ಕ:
ನಿಮಗೆ ಆಗಲಿಲ್ಲ ಅಂದರೆ ಯಾರಿಗೂ ಆಗಲ್ವಾ? ಹೆದರಿಸೋಕೆ ಬರೆದಿಲ್ಲ. ನನಗೆ ಮೊದಲೇ ಹೇಳಿದ್ದರೆ ಊಟ ಸಣ್ಣ ಸಣ್ಣದಾಗಿ ನಾಲ್ಕು ಸಲ ಮಾಡುತ್ತಿದ್ದೆ. ಜನರಲ್ ವಾರ್ಡಿನ ಬಿಲ್ಲಿಗೂ ರೂಮಿನ ಬಿಲ್ಲಿಗೂ ಹೋಲಿಸೋದು ಯಾವ ನ್ಯಾಯ?

ಚಿಂಚವಡದ ಮಗಳು:
ಎಲ್ಲರಿಗೂ ಥ್ಯಾಂಕ್ಸ್. ಸಕ್ಕರೆ ಕಾಯಿಲೆ ಇದ್ದು ತೆಗೆಸಿದವರು ಯಾರಾದರೂ ಇದ್ದೀರಾ?

ಕೋಥ್ರೂಡಿನಿಂದ:
ಅಕ್ಕ, ರೂಮು ತಗೊಳ್ಳಿ ಅಂತ ನಿಮಗೆ ಯಾರು ಹೇಳಿದ್ದು?