ಮೆಟ್ಟಿಲು ಹತ್ತಿದರೆ ಎದೆ ಬಿಗಿಯುತ್ತದೆ, ಡಾಕ್ಟರ್ ಹತ್ತಿರ ಹೋಗಲೇಬೇಕಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನಗೆ 46 ವರ್ಷ, ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಈಚೆಗೆ ಮೆಟ್ಟಿಲು ಹತ್ತುವಾಗ ಎದೆ ನಡುವೆ ಬಿಗಿ ಹಿಡಿದ ಹಾಗಾಗುತ್ತದೆ. ನೋವು ಅನ್ನುವಷ್ಟೇನೂ ಇಲ್ಲ. ಸ್ವಲ್ಪ ನಿಂತರೆ ಹೋಗುತ್ತದೆ. ಮನೆಯಲ್ಲಿ ಎಲ್ಲರೂ ಗ್ಯಾಸ್ಟ್ರಿಕ್ ಅನ್ನುತ್ತಿದ್ದಾರೆ. ಹೀಗೆ ಆದವರು ಯಾರಾದರೂ ಇದ್ದೀರಾ? ಇನ್ನೂ ಸ್ವಲ್ಪ ದಿನ ನೋಡಬಹುದಾ?

ಉತ್ತರ

ನೋಡುತ್ತಾ ಕೂರಬೇಡಿ ಅಕ್ಕಾ, ತೋರಿಸಿ. ನೀವು ಬರೆದಿರುವುದನ್ನೇ ನಮ್ಮಪ್ಪ ಹೇಳುತ್ತಿದ್ದರು. "ನೋವಿಲ್ಲಮ್ಮ, ಏನೋ ಒತ್ತಿದ ಹಾಗೆ" ಅನ್ನೋರು. ಎಲ್ಲಿ ಅಂತ ಕೇಳಿದರೆ ಬೆರಳಿಟ್ಟು ತೋರಿಸಲು ಆಗುತ್ತಿರಲಿಲ್ಲ, ಮುಷ್ಟಿ ಕಟ್ಟಿ ಎದೆ ನಡುವೆ ಇಡುತ್ತಿದ್ದರು. ಡಾಕ್ಟರ್ ಮೊದಲು ಗಮನಿಸಿದ್ದೇ ಆ ಮುಷ್ಟಿಯನ್ನು. ಆಮೇಲೆ ಅವರು ಕೇಳಿದ್ದು ಎರಡೇ ವಿಷಯ: ಏನು ಮಾಡುವಾಗ ಬರುತ್ತದೆ, ಏನು ಮಾಡಿದರೆ ಹೋಗುತ್ತದೆ. ನಡೆದರೆ ಬರುತ್ತದೆ, ನಿಂತರೆ ಕೆಲವೇ ನಿಮಿಷದಲ್ಲಿ ಹೋಗುತ್ತದೆ ಅಂದರೆ ಅದು ಆಂಜೈನಾ ಇರಬಹುದು ಅಂದರು. ಹೃದಯಕ್ಕೆ ರಕ್ತ ಕೊಡುವ ನಾಳ ಕಿರಿದಾಗಿರುತ್ತದೆ. ಸುಮ್ನೆ ಕೂತಾಗ ಬರುವಷ್ಟು ರಕ್ತ ಸಾಕಾಗುತ್ತದೆ. ಹತ್ತುವಾಗ ಹೃದಯಕ್ಕೆ ಕೆಲಸ ಜಾಸ್ತಿ, ಆಗ ಸಾಲುವುದಿಲ್ಲ.

ಅಪ್ಪನ ಇಸಿಜಿ ನಾರ್ಮಲ್ ಬಂದಿತ್ತು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಬಹಳ ಜನ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಮಲಗಿಸಿ ತೆಗೆಯುವ ಇಸಿಜಿ ಆ ಕೆಲವು ಸೆಕೆಂಡಿನ ಹೃದಯವನ್ನಷ್ಟೇ ತೋರಿಸುತ್ತದೆ. ತೊಂದರೆ ಬರುವುದು ನಡೆಯುವಾಗ ಅಲ್ವಾ? ಅದಕ್ಕೇ ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡಿದರು, ಅಲ್ಲಿ ಸಿಕ್ಕಿತು. ಆಂಜಿಯೋಗ್ರಾಂ ಮಾಡಿ ನಾಳ ಎಲ್ಲಿ ಕಿರಿದಾಗಿದೆ ಅಂತ ನೋಡಿದರು, ಅದು ತೆರೆದಿರಲಿ ಅಂತ ಸ್ಟೆಂಟ್ ಅನ್ನುವ ಸಣ್ಣ ಜಾಲರಿ ಕೊಳವೆ ಹಾಕಿದರು. ಈಗ ಆರಾಮವಾಗಿ ಓಡಾಡುತ್ತಾರೆ.

ಉತ್ತರ

ನಂದು ಬೇರೆ ಥರ. ಊಟ ಆದ ಮೇಲೆ, ಅದರಲ್ಲೂ ಮಲಗಿದರೆ, ಎದೆ ಉರಿದು ಬಿಗಿಯುತ್ತಿತ್ತು. ಬಾಯಿಗೆ ಹುಳಿ ನೀರು ಬರುತ್ತಿತ್ತು. ಪರೀಕ್ಷೆ ಮಾಡಿ ಆಸಿಡ್ ಮೇಲಕ್ಕೆ ಬರುತ್ತಿದೆ ಅಂದರು, ಮಾತ್ರೆಯಲ್ಲೇ ಕಡಿಮೆ ಆಯಿತು. ಆದರೆ ನನಗೆ ಮೆಟ್ಟಿಲು ಹತ್ತಿದಾಗ ಯಾವತ್ತೂ ಬಂದಿಲ್ಲ. ನಿಮ್ಮದನ್ನು ನನ್ನದರ ಜೊತೆ ಸೇರಿಸಿ ಗ್ಯಾಸ್ ಅಂದುಕೊಳ್ಳಬೇಡಿ.

ಉತ್ತರ

ನನಗೆ ಪ್ಯಾನಿಕ್ ಅಟ್ಯಾಕ್ ಆಗುತ್ತದೆ. ಸುಮ್ನೆ ಕೂತಿರುವಾಗಲೇ ಎದೆ ಹಿಂಡಿದ ಹಾಗೆ ಶುರುವಾಗುತ್ತದೆ, ಉಸಿರು ಜೋರಾಗುತ್ತದೆ, ಬೆರಳು ತುದಿ, ತುಟಿ ಸುತ್ತ ಜುಮುಜುಮು ಅನ್ನುತ್ತದೆ. ಹತ್ತು ನಿಮಿಷದೊಳಗೆ ತಾರಕಕ್ಕೆ ಹೋಗಿ ಆಮೇಲೆ ಇಳಿಯುತ್ತದೆ. ಸತ್ತೇ ಹೋಗುತ್ತೇನೆ ಅನ್ನಿಸುವ ಭಯ ಇದೆಯಲ್ಲ, ಅದು ನಿಜವಾದ ಭಯ. ಅನುಭವಿಸಿದವರಿಗೇ ಗೊತ್ತು. ಮೊದಲ ಸಲ ಆದಾಗ ಎಮರ್ಜೆನ್ಸಿಗೆ ಹೋಗಿ ಹೃದಯ ಚೆನ್ನಾಗಿದೆ ಅಂತ ಖಾತ್ರಿ ಮಾಡಿಕೊಂಡೆ. ಇವತ್ತಿಗೂ ಅದು ಸರಿಯಾದ ನಿರ್ಧಾರ ಅಂತಲೇ ಹೇಳುತ್ತೇನೆ. ಟೆನ್ಷನ್‌ನಿಂದ ಅಂತ ಹೇಳುವುದು ಬೇರೆಯದೆಲ್ಲ ನೋಡಿದ ಮೇಲೆ. ಹೆಂಗಸರು ಎದೆ ಬಿಗಿತ ಅಂದರೆ ಕೆಲವು ಡಾಕ್ಟರುಗಳು ಮೊದಲೇ "ಟೆನ್ಷನ್ ಮಾಡ್ಕೋಬೇಡಿ" ಅಂದು ಕಳಿಸಿಬಿಡುತ್ತಾರೆ. ಹಾಗೆ ಕಳಿಸಿದರೆ ದಯವಿಟ್ಟು ಇನ್ನೊಬ್ಬ ಡಾಕ್ಟರಿಗೆ ತೋರಿಸಿ.

ಉತ್ತರ

ನಾನು ಎಮರ್ಜೆನ್ಸಿ ವಾರ್ಡಿನಲ್ಲಿ ನರ್ಸ್. ಮೇಡಂ, ಶ್ರಮಪಟ್ಟಾಗ ಬಂದು, ನಿಂತರೆ ಹೋಗುವ ಹೊಸ ಬಿಗಿತ ಅಂದರೆ ಇವತ್ತೋ ನಾಳೆಯೋ ತೋರಿಸಬೇಕಾದದ್ದು. ಮುಂದಿನ ತಿಂಗಳಿಗೆ ಇಡಬೇಡಿ. ಮೊದಲು ಫಿಸಿಷಿಯನ್ ಆದರೂ ಸಾಕು, ಬೇಕಿದ್ದರೆ ಅವರೇ ಹೃದಯದ ಡಾಕ್ಟರ್ ಹತ್ತಿರ ಕಳಿಸುತ್ತಾರೆ. ಅಲ್ಲಿಯವರೆಗೆ ಮೆಟ್ಟಿಲು, ಭಾರ ಎತ್ತುವುದು ಬೇಡ. ಬಿಪಿ ಮಾತ್ರೆ ಬಿಡಬೇಡಿ.

ಆದರೆ ನಿಂತರೂ ಹೋಗದಿದ್ದರೆ, ಕೂತಾಗಲೇ ಬಂದರೆ, ಮೊದಲಿಗಿಂತ ಕಡಿಮೆ ನಡಿಗೆಗೇ ಬರತೊಡಗಿದರೆ, ಆಗ ಅಪಾಯಿಂಟ್‌ಮೆಂಟ್ ಕಾಯುವ ಮಾತೇ ಇಲ್ಲ, ನೇರ ಎಮರ್ಜೆನ್ಸಿ. ಜೊತೆಗೆ ತಣ್ಣನೆ ಬೆವರು, ಏದುಸಿರು, ವಾಂತಿ ಬರುವ ಹಾಗೆ ಆಗುವುದು, ತಲೆ ಸುತ್ತು, ಕೈಗೆ, ದವಡೆಗೆ, ಬೆನ್ನಿಗೆ ಹರಡುವ ನೋವು, ಇವುಗಳಲ್ಲಿ ಒಂದಿದ್ದರೂ ಆಂಬುಲೆನ್ಸ್ ಕರೆಯಿರಿ. ಗಾಡಿ ನೀವೇ ಓಡಿಸಿಕೊಂಡು ಬರಬೇಡಿ. ದಾರಿಯಲ್ಲಿ ಹೃದಯದ ಲಯ ಕೆಟ್ಟರೆ ಶಾಕ್ ಕೊಡುವ ಯಂತ್ರ ಆಂಬುಲೆನ್ಸಿನಲ್ಲಿ ಇರಬಹುದು, ನಿಮ್ಮ ಕಾರಿನಲ್ಲಿ ಇರುವುದಿಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ, ವಯಸ್ಸಾದವರಿಗೆ, ಹೆಂಗಸರಿಗೆ ಕೆಲವೊಮ್ಮೆ ಎದೆನೋವೇ ಇರುವುದಿಲ್ಲ. ಬರೀ ಸುಸ್ತು, ಉಸಿರಿನ ತೊಂದರೆ ಅಂತ ಬರುತ್ತಾರೆ.

ಎದೆನೋವು ಅಂದ ಕೂಡಲೇ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು ಅನ್ನುವುದು ನಮ್ಮ ನಿಯಮ. ಟ್ರೋಪೋನಿನ್ ಅನ್ನುವ ರಕ್ತ ಪರೀಕ್ಷೆಯೂ ಮಾಡುತ್ತೇವೆ. ಹೃದಯದ ಸ್ನಾಯುವಿಗೆ ಪೆಟ್ಟಾದರೆ ಅದು ಏರುತ್ತದೆ, ಆದರೆ ಏರಲು ಕೆಲವು ಗಂಟೆ ಹಿಡಿಯಬಹುದು. ಹಾಗಾಗಿ ಒಂದು ಸಲ ನೋಡಿ, ಕೆಲವು ಗಂಟೆ ಬಿಟ್ಟು ಮತ್ತೆ ನೋಡುತ್ತೇವೆ. ಮೊದಲ ರಿಪೋರ್ಟ್ ಚೆನ್ನಾಗಿದೆ ಅಂತ ಅರ್ಧಕ್ಕೇ ಎದ್ದು ಹೋಗುವವರನ್ನು ಕಂಡರೆ ನನಗೆ ತುಂಬಾ ಸಂಕಟವಾಗುತ್ತದೆ. ಎರಡನೆಯದು ಆಗುವವರೆಗೆ ಇರಿ.

ಆಸಿಡ್ ಕಡಿಮೆ ಮಾಡುವ ಆಂಟಾಸಿಡ್ ಕುಡಿದು ಬಿಗಿತ ಕಡಿಮೆ ಆಯಿತು ಅಂದ ಮಾತ್ರಕ್ಕೆ ಹೃದಯದ್ದಲ್ಲ ಅಂತ ಹೇಳಲು ಬರುವುದಿಲ್ಲ. ಒತ್ತಿದರೆ ನೋಯುವುದು ಸಾಮಾನ್ಯವಾಗಿ ಪಕ್ಕೆಲುಬಿನದ್ದೋ ಸ್ನಾಯುವಿನದ್ದೋ ಇರುತ್ತದೆ, ಆದರೂ ಅದೊಂದನ್ನೇ ನಂಬಿಕೊಂಡು ಬಿಡಬೇಡಿ. ಇನ್ನು ಜೋರಾಗಿ ಕೆಮ್ಮಿದರೆ ಹಾರ್ಟ್ ಅಟ್ಯಾಕ್ ನಿಲ್ಲುತ್ತದೆ ಅನ್ನುವ ಮೆಸೇಜ್ ಓಡಾಡುತ್ತಿರುತ್ತದೆ. ನಿಲ್ಲುವುದಿಲ್ಲ. ಅದನ್ನು ಮಾಡುತ್ತಾ ಫೋನ್ ಮಾಡುವ ಹೊತ್ತು ಕಳೆಯಬೇಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ನಾಳೆ ಬೆಳಿಗ್ಗೆಗೆ ಫಿಸಿಷಿಯನ್ ಹತ್ತಿರ ಹೆಸರು ಬರೆಸಿದ್ದೇನೆ. ಡಾಕ್ಟರ್ ಎದುರು ಕೂತರೆ ನನಗೆ ಅರ್ಧ ಮರೆತೇ ಹೋಗುತ್ತದೆ. ಏನೇನು ಹೇಳಬೇಕು?

ನರ್ಸ್ ಉತ್ತರ

ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಮೇಡಂ. ಯಾವಾಗಿನಿಂದ ಶುರು, ಎಷ್ಟು ಮೆಟ್ಟಿಲಿಗೆ ಬರುತ್ತದೆ, ನಿಂತ ಮೇಲೆ ಎಷ್ಟು ನಿಮಿಷ ಇರುತ್ತದೆ, ದಿನದಿಂದ ದಿನಕ್ಕೆ ಜಾಸ್ತಿ ಆಗುತ್ತಿದೆಯಾ. ತೆಗೆದುಕೊಳ್ಳುವ ಮಾತ್ರೆಗಳ ಹೆಸರು. ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆ ಆಗಿದ್ದರೆ ಅದನ್ನೂ ಬರೆಯಿರಿ. ಹಳೆಯ ಇಸಿಜಿ ಇದ್ದರೆ ತಪ್ಪದೆ ಒಯ್ಯಿರಿ, ಹೊಸದರ ಪಕ್ಕ ಇಟ್ಟು ನೋಡಿದರೆ ಬದಲಾವಣೆ ಗೊತ್ತಾಗುತ್ತದೆ. ಇವತ್ತು ರಾತ್ರಿ ಕೂತಲ್ಲೇ ಬಿಗಿತ ಬಂದರೆ ಬೆಳಗಾಗಲಿ ಅನ್ನಬೇಡಿ, ಆಗಲೇ ಆಂಬುಲೆನ್ಸ್ ಕರೆಯಿರಿ.